ಹೆಸರಿಲ್ಲದ ತುಫಾನು



ಭಾರತದ ನಕ್ಷೆಯನ್ನು ಮುಂದಿಟ್ಟುಕೊಂಡು ಹದಿನೇಳನೆಯ ಅಕ್ಷಾಂಶದ ಗೆರೆಯ ಮೇಲೆ ಬೆರಳಾಡಿಸಿ. ಮೂಡಣ ತುದಿಯಲ್ಲಿ ಆಂಧ್ರದ ಕಾಕಿನಾಡ ಸಿಗುತ್ತದೆ, ಪಡುವಣ ತುದಿಯಲ್ಲಿ ಕೊಂಕಣದ ರತ್ನಾಗಿರಿ. ಎರಡರ ನಡುವೆ, ಗೆರೆಗೆ ತುಸು ಕೆಳಗೆ, ನಮ್ಮ ಸಾಂಗಲಿ ಮತ್ತು ಮಿರಜ. ರತ್ನಾಗಿರಿಯ ಕಡಲು ನಮಗೆ ನೇರ ದಾರಿಯಲ್ಲಿ ಸುಮಾರು 140 ಕಿಲೋಮೀಟರ್. ಕಾಕಿನಾಡದ ಕಡಲು 800 ಕಿಲೋಮೀಟರ್ ಆಚೆ. ಹತ್ತಿರದ ಕಡಲಿಗೂ ನಮಗೂ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ದೂರದ ಕಡಲಿಂದ ಹೊರಟ ಮೋಡಕ್ಕೆ ಅಂಥ ಗೋಡೆ ಅಡ್ಡ ಬರುವುದಿಲ್ಲ. ತೆಲಂಗಾಣದ ಬಯಲು, ಭೀಮೆಯ ಬಯಲು, ಆಮೇಲೆ ನಾವು.

2020ರ ಅಕ್ಟೋಬರ್ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯಲ್ಲೆದ್ದ ಒಂದು ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ ಅರವತ್ತು ಕಿಲೋಮೀಟರಿನ ಆಸುಪಾಸು. ನೆಲ ಹತ್ತಿದ ಮೇಲೆ ಬೇಗ ಸೊರಗಬೇಕಾದದ್ದು ಪಶ್ಚಿಮಕ್ಕೆ ನಡೆಯುತ್ತಲೇ ಹೋಯಿತು. ಅಂದೇ ಹೈದರಾಬಾದಿನಲ್ಲಿ ಒಂದೇ ದಿನಕ್ಕೆ 190 ಮಿಲಿಮೀಟರಿಗೂ ಮೀರಿ ಮಳೆ ಸುರಿದು ಬಡಾವಣೆಗಳೇ ಕೆರೆಗಳಾದವು. ಮರುದಿನ ಕಲಬುರಗಿ, ವಿಜಯಪುರ, ಸೊಲ್ಲಾಪುರ. ಪಂಢರಪುರದಲ್ಲಿ ಚಂದ್ರಭಾಗೆಯ ಘಾಟಿನ ಬಳಿ ಗೋಡೆ ಕುಸಿದು ಆರು ಜನ ಸತ್ತರು. ಹಾಗೆಯೇ ಮುಂದುವರಿದು ಜತ್ತ, ತಾಸಗಾಂವ, ಮಿರಜ, ಸಾಂಗಲಿಯ ಸೀಮೆಯನ್ನೆಲ್ಲ ನೆನೆಸಿ, ಸಹ್ಯಾದ್ರಿ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಲ್ಲಿ ಬೆಚ್ಚನೆಯ ನೀರು ಸಿಕ್ಕಿದ್ದೇ ತಡ, ಮತ್ತೆ ಚೇತರಿಸಿಕೊಂಡು ಕುಸಿತವಾಗಿ ನಿಂತಿತು. ಒಂದು ಕಡಲಲ್ಲಿ ಹುಟ್ಟಿ, ಇಡೀ ದಖ್ಖನ್ ತುಳಿದು, ಇನ್ನೊಂದು ಕಡಲಲ್ಲಿ ಮರುಜೀವ ಪಡೆದ ಆ ಮಳೆಗೆ ಹೆಸರೇ ಇರಲಿಲ್ಲ.

ಹೆಸರಿಡುವುದಕ್ಕೆ ಒಂದು ಕಟ್ಟಳೆ ಇದೆ. ಗಾಳಿ ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ವಾಯುಭಾರ ಕುಸಿತ ಎನ್ನುತ್ತದೆ, 50 ಮುಟ್ಟಿದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಮಾತ್ರ ಅದು ಚಂಡಮಾರುತ. ಆಗಲೇ ಅದಕ್ಕೆ ನಾಮಕರಣ. ನಮ್ಮ ಎರಡು ಕಡಲುಗಳಿಗೆ ಈ ಪದ್ಧತಿ ಬಂದದ್ದು 2004ರಲ್ಲಿ. ಈಗ ಹದಿಮೂರು ದೇಶಗಳು ಸೇರಿ ಕೊಟ್ಟ ಹೆಸರುಗಳ ಪಟ್ಟಿ ಇದೆ. ಸರದಿಯಂತೆ ಒಂದೊಂದೇ ಬಳಕೆಗೆ ಬರುತ್ತದೆ. ಹೆಸರು ಬಂತೆಂದರೆ ಟೀವಿಯವರು ಕಡಲತಡಿಗೆ ಓಡುತ್ತಾರೆ, ಮಂತ್ರಿಗಳ ಸಭೆ ಕೂಡುತ್ತದೆ. 61 ಕಿಲೋಮೀಟರಿನ ಗಾಳಿಗೆ ಅಷ್ಟು ಮರ್ಯಾದೆ ಇಲ್ಲ. ಆದರೆ ಸಾಂಗಲಿ ಮಿರಜದಂಥ ಒಳನಾಡಿಗೆ ಬಹಳ ಮಟ್ಟಿಗೆ ನಷ್ಟ ತಂದಿರುವುದು ಈ ಮರ್ಯಾದೆಯಿಲ್ಲದವೇ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಮೊದಲು ಇವು ಹುಟ್ಟುವ ಬಗೆ. ಕಡಲ ಮೇಲ್ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಬರಿಯ ಮೇಲ್ಪದರ ಕಾದರೆ ಸಾಲದು, ಸುಮಾರು ಐವತ್ತು ಮೀಟರ್ ಆಳದವರೆಗೂ ಆ ಬಿಸಿ ಇರಬೇಕು. ಏಕೆಂದರೆ ಗಾಳಿ ಜೋರಾದಂತೆ ನೀರು ಕದಡುತ್ತದೆ. ಕೆಳಗಿನ ನೀರು ತಣ್ಣಗಿದ್ದರೆ ಅದು ಮೇಲೆ ಬಂದು ಎಲ್ಲವನ್ನೂ ಆರಿಸಿಬಿಡುತ್ತದೆ. ನೀರು ಆವಿಯಾಗುವಾಗ ಕಡಲಿನಿಂದ ಶಾಖವನ್ನು ಹೀರಿಕೊಂಡೇ ಮೇಲೇಳುತ್ತದೆ. ಮೇಲೆ ಹೋಗಿ ತಣಿದು ಹನಿಯಾಗುವಾಗ ಆ ಬಚ್ಚಿಟ್ಟ ಶಾಖವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿ ಕಾದು ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಆ ತೆರವನ್ನು ತುಂಬಲು ನಾಲ್ಕೂ ದಿಕ್ಕಿನ ತೇವದ ಗಾಳಿ ನುಗ್ಗುತ್ತದೆ. ನುಗ್ಗಿದ ಗಾಳಿ ಮತ್ತಷ್ಟು ಆವಿಯನ್ನು ತರುತ್ತದೆ. ಹೀಗೆ ತನ್ನ ಉರಿಗೆ ತಾನೇ ಸೌದೆ ಒಟ್ಟಿಕೊಳ್ಳುವ ವ್ಯವಸ್ಥೆ ಇದು.

ನುಗ್ಗುವ ಗಾಳಿ ನೆಟ್ಟಗೆ ನಡುವಿಗೆ ಬಂದುಬಿಟ್ಟರೆ ತೆರವು ಕೂಡಲೇ ತುಂಬಿ ಎಲ್ಲವೂ ಶಾಂತವಾಗಬೇಕಿತ್ತು. ಭೂಮಿ ತಿರುಗುತ್ತಿರುವುದರಿಂದ ಹಾಗಾಗುವುದಿಲ್ಲ. ನಮ್ಮ ಉತ್ತರಾರ್ಧ ಗೋಳದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ ಹೊರಳುತ್ತದೆ. ಎಲ್ಲ ದಿಕ್ಕಿನಿಂದ ಬಂದ ಗಾಳಿಯೂ ಹೀಗೆ ಹೊರಳಿ, ನಡುವನ್ನು ಮುಟ್ಟಲಾರದೆ ಸುತ್ತತೊಡಗುತ್ತದೆ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಭೂಮಧ್ಯರೇಖೆಯ ಆಚೀಚೆ ಐದು ಡಿಗ್ರಿಯೊಳಗೆ ಈ ಹೊರಳುವಿಕೆ ಬಹಳ ದುರ್ಬಲ. ಅಲ್ಲಿ ನೀರು ಎಷ್ಟೇ ಕಾದರೂ ಚಂಡಮಾರುತ ಹುಟ್ಟುವುದು ತೀರ ಅಪರೂಪ.

ಇನ್ನೊಂದು ಷರತ್ತಿದೆ. ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗ, ದಿಕ್ಕು ಬಹಳ ಬೇರೆಯಾಗಿರಬಾರದು. ಇದ್ದರೆ ಮೋಡದ ಗೋಪುರ ಕಟ್ಟಿದಂತೆಲ್ಲ ಓರೆಯಾಗಿ ಚದುರುತ್ತದೆ. ಜುಲೈ, ಆಗಸ್ಟಿನಲ್ಲಿ ನಮ್ಮ ಕಡಲುಗಳ ಮೇಲೆ ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣ ಗಾಳಿ ಬಿರುಸಾಗಿ ಬೀಸುತ್ತಿರುತ್ತವೆ. ನಡುಮಳೆಗಾಲದಲ್ಲಿ ಪೂರ್ಣ ಬೆಳೆದ ಚಂಡಮಾರುತಗಳು ಅಪರೂಪವಾಗಿರುವುದು ಅದಕ್ಕೇ. ಮುಂಗಾರಿಗೆ ಮೊದಲು ಏಪ್ರಿಲಿನಿಂದ ಜೂನ್ ಆರಂಭದವರೆಗೆ ಒಂದು ಕಾಲ, ಮುಂಗಾರು ಹಿಂದೆಗೆದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಂದು. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಈ ಎರಡನೆಯ ಕಾಲದ ಆರಂಭವೇ ಚಿತ್ತಿ, ಸ್ವಾತಿ ಮಳೆಗಳ ಹೊತ್ತು. 2020ರಲ್ಲಿ ಬಂದದ್ದು ಚಿತ್ತಿ ಮಳೆಯೇ.

ನೆಲದ ಮೇಲೆ ಬಂದಾಗ ಚಂಡಮಾರುತ ಸಾಯುವುದೇಕೆ ಎಂಬುದು ಕೃಷ್ಣೆಯ ದಂಡೆಯ ಜನಕ್ಕೆ ಸುಲಭವಾಗಿ ತಿಳಿಯುವ ಸಂಗತಿ. ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುವುದನ್ನು ನಿಲ್ಲಿಸಿದರೆ ಕೊಪ್ಪರಿಗೆಯ ಕುದಿ ಇಳಿಯುತ್ತದೆ, ಆದರೆ ಅದರೊಳಗಿನ ಹಾಲು ಎಲ್ಲಿಗೂ ಹೋಗುವುದಿಲ್ಲ. ನೆಲದ ಮೇಲೆ ಬಿಸಿ ಕಡಲಿಲ್ಲ, ಹಾಗಾಗಿ ಗಾಳಿ ಇಳಿಯುತ್ತದೆ. ಅದು ಹೊತ್ತು ತಂದ ಆವಿ ಮಾತ್ರ ಎಲ್ಲಾದರೂ ಸುರಿಯಲೇಬೇಕು. ಗಾಳಿಯ ವೇಗ ಅಳೆಯುವವರು ‘ದುರ್ಬಲಗೊಂಡಿತು’ ಎಂದು ಬರೆದ ದಿನವೇ ಒಳನಾಡಿನ ಹಳ್ಳ ಕೊಳ್ಳಗಳು ಉಕ್ಕುವುದುಂಟು.

ಇದನ್ನು ಉತ್ತರ ಕರ್ನಾಟಕ ಬಹಳ ದುಬಾರಿ ಬೆಲೆ ತೆತ್ತು ಕಂಡಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬಂಗಾಳ ಕೊಲ್ಲಿಯ ಒಂದು ಕಡಿಮೆ ಒತ್ತಡದ ಪ್ರದೇಶ ಆಂಧ್ರ ತೀರದ ಕಡೆಯಿಂದ ಒಳಗೆ ನೀರನ್ನು ತಳ್ಳಿತು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ವರ್ಷವಿಡೀ ಮಳೆಗಾಗಿ ಮುಗಿಲು ನೋಡುವ ಜಿಲ್ಲೆಗಳು, ನಾಲ್ಕೈದು ದಿನಗಳಲ್ಲಿ ಮುಳುಗಿದವು. ಮಂತ್ರಾಲಯದ ಮಠಕ್ಕೆ ತುಂಗಭದ್ರೆ ನುಗ್ಗಿತು, ಕರ್ನೂಲು ಪಟ್ಟಣ ಮುಳುಗಿತು. ಕರ್ನಾಟಕದಲ್ಲೇ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ಹೊಳೆಯಲ್ಲ, ಸ್ವಂತ ಮನೆಯ ಗೋಡೆ. ಬಿಸಿಲನಾಡಿನ ಮಣ್ಣಿನ ಮಾಳಿಗೆ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ಮೂರು ದಿನ ಬಿಡದೆ ಸುರಿದರೆ ಮೇಲಿನ ಮಣ್ಣು ನೀರು ಕುಡಿದು ಇಮ್ಮಡಿ ಭಾರವಾಗುತ್ತದೆ, ಕೆಳಗಿನ ಗೋಡೆ ನೆನೆದು ಕೆಸರಾಗುತ್ತದೆ. ಕಡಲತಡಿಯ ಮನೆಯ ಚಾವಣಿ ಹಾರಿಹೋಗುತ್ತದೆ, ನಮ್ಮ ಮನೆಯ ಚಾವಣಿ ಮೈಮೇಲೆ ಬೀಳುತ್ತದೆ. ಆ ಮಳೆಗೂ ಹೆಸರಿರಲಿಲ್ಲ.

ಮತ್ತೆ ನಮ್ಮ ಸೀಮೆಗೆ ಬರುತ್ತೇನೆ. ಮಿರಜ ತಾಲ್ಲೂಕಿನ ಆರಗ, ಬೇಡಗ, ಮಾಲಗಾಂವ ಕಡೆ ದ್ರಾಕ್ಷಿ, ಎಲೆಬಳ್ಳಿ. ತಾಸಗಾಂವ, ಕವಠೆ ಮಹಾಂಕಾಳದಲ್ಲಿ ಕಣ್ಣು ಹಾಯುವಷ್ಟೂ ದ್ರಾಕ್ಷಿ. ವರ್ಷಕ್ಕೆ ಎರಡು ಸಲ ಬಳ್ಳಿಯ ಕಡ್ಡಿ ಕತ್ತರಿಸುವ ಚಾಟ್ನಿ: ಏಪ್ರಿಲಿನದು ಬಳ್ಳಿ ಕಟ್ಟುವುದಕ್ಕೆ, ಅಕ್ಟೋಬರಿನದು ಹಣ್ಣಿಗೆ. ಕಡ್ಡಿ ಕತ್ತರಿಸಿದ ಮೂರು ವಾರದೊಳಗೆ ಎಳೆ ಚಿಗುರಿನ ನಡುವೆ ಪುಟ್ಟ ಗೊಂಚಲು ಕಾಣುತ್ತದೆ. ಆ ಗೊಂಚಲು ಒಂದು ರಾತ್ರಿ ಒದ್ದೆಯಾಗಿ ಕುಳಿತರೆ ಡೌನಿ ರೋಗ ಹತ್ತುತ್ತದೆ, ಇಲ್ಲವೆ ಕೊಳೆತು ಉದುರುತ್ತದೆ. ಬೆಲೆ ಸಿಗಲೆಂದು ಸೆಪ್ಟೆಂಬರಿನಲ್ಲೇ ಚಾಟ್ನಿ ಮುಗಿಸಿದವನ ತೋಟ ಅಕ್ಟೋಬರ್ ನಡುವಿನಲ್ಲಿ ಸರಿಯಾಗಿ ಈ ನಾಜೂಕಿನ ಹಂತದಲ್ಲಿರುತ್ತದೆ. ಔಷಧ ಹೊಡೆಯೋಣವೆಂದರೆ ಕಪ್ಪು ಮಣ್ಣಿನಲ್ಲಿ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಹೊಡೆದರೂ ಮುಂದಿನ ಮಳೆ ತೊಳೆದುಕೊಂಡು ಹೋಗುತ್ತದೆ. 2020ರ ಆ ಮೂರು ನಾಲ್ಕು ದಿನಗಳಲ್ಲಿ ದ್ರಾಕ್ಷಿಯ ಜೊತೆ ಕೊಯ್ದಿಟ್ಟ ಸೋಯಾಬೀನು, ನೆಲಕ್ಕೊರಗಿದ ಕಬ್ಬು, ಸೊಲ್ಲಾಪುರದ ದಾಳಿಂಬೆ ಎಲ್ಲವೂ ಹೋದವು.

ದ್ರಾಕ್ಷಿಯ ನಷ್ಟ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ. ವಿಜಯಪುರ, ಅಥಣಿ ಕಡೆಯ ಬೆಳೆಗಾರರು ಒಣದ್ರಾಕ್ಷಿ ಮಾಡಿ ತರುವುದು ತಾಸಗಾಂವ ಮತ್ತು ಸಾಂಗಲಿಯ ಪೇಟೆಗೆ, ಇಡುವುದು ಇಲ್ಲಿಯ ಕೋಲ್ಡ್ ಸ್ಟೋರೇಜಿನಲ್ಲಿ. ಬಂಗಾಳ ಕೊಲ್ಲಿಯ ಒಂದು ಕುಸಿತ ವಿಜಯಪುರ ಕಡೆಯ ತಿಕೋಟೆಯ ತೋಟದಲ್ಲೂ ತಾಸಗಾಂವದ ಹರಾಜಿನಲ್ಲೂ ಒಟ್ಟಿಗೆ ಲೆಕ್ಕ ತಪ್ಪಿಸುತ್ತದೆ.

ಇದು ನೇರವಾಗಿ ಬರುವ ದಾರಿ. ಸಾಂಗಲಿಗೆ ಇದಕ್ಕಿಂತ ಘೋರವಾದ ಸುತ್ತುದಾರಿಯೊಂದಿದೆ. 2019ರ ಆಗಸ್ಟ್ 7ರಂದು ಒಡಿಶಾದ ಬಾಲಸೋರಿನ ಬಳಿ ಒಂದು ತೀವ್ರ ವಾಯುಭಾರ ಕುಸಿತ ನೆಲ ಮುಟ್ಟಿತು. ಬಾಲಸೋರ್ ಎಲ್ಲಿ, ಸಾಂಗಲಿ ಎಲ್ಲಿ! ಆದರೆ ಕೊಲ್ಲಿಯಲ್ಲಿ ಒತ್ತಡ ಕುಸಿದಾಗ ಅರಬ್ಬಿ ಸಮುದ್ರದ ಮುಂಗಾರು ಗಾಳಿ ಇಮ್ಮಡಿ ಬಿರುಸಿನಿಂದ ಆ ಕಡೆ ಎಳೆಯಲ್ಪಡುತ್ತದೆ. ದಾರಿಯಲ್ಲಿ ಸಹ್ಯಾದ್ರಿ ಅಡ್ಡ ಸಿಗುತ್ತದೆ. ಗೋಡೆಗೆ ತಾಗಿದ ಗಾಳಿ ಮೇಲೇರಲೇಬೇಕು, ಏರಿದರೆ ತಣಿಯಲೇಬೇಕು, ತಣಿದರೆ ಸುರಿಯಲೇಬೇಕು. ಮಹಾಬಳೇಶ್ವರ, ಕೊಯ್ನೆ, ಚಾಂದೋಲಿ, ರಾಧಾನಗರಿ ಎಲ್ಲ ಕಡೆ ಒಂದೇ ವಾರದಲ್ಲಿ ಮುಗಿಲು ಹರಿಯಿತು. ಅಷ್ಟೂ ನೀರು ಇಳಿದು ಬರುವುದು ನಮ್ಮ ಕಡೆಗೇ. ಕರಾಡದಲ್ಲಿ ಕೃಷ್ಣೆಗೆ ಕೊಯ್ನೆ ಕೂಡುತ್ತದೆ, ಸಾಂಗಲಿಯ ಮಗ್ಗುಲಿನ ಹರಿಪುರದಲ್ಲಿ ವಾರಣೆ, ನರಸೋಬಾವಾಡಿಯಲ್ಲಿ ಪಂಚಗಂಗೆ. ಸಾಂಗಲಿಯಿಂದ ಕೆಳಗೆ ನೆಲ ಬಹಳ ಸಪಾಟು. ನದಿ ಮೈಚಾಚಿ ಮಲಗುತ್ತದೆ, ಬೇಗ ಏಳುವುದಿಲ್ಲ.

ಮಳೆಗಾಲ ಬಂತೆಂದರೆ ಸಾಂಗಲಿಯಲ್ಲಿ ಇಬ್ಬರು ಭೇಟಿಯಾದಾಗ ಕೇಳುವ ಮೊದಲ ಮಾತು, ‘ಆಯರ್ವಿನ್ ಪುಲಾಗೆ ಎಷ್ಟು ಫೂಟ?’ 1929ರಲ್ಲಿ ತೆರೆದ ಆ ಸೇತುವೆಯ ಬಳಿ ನೀರು 40 ಅಡಿ ಮುಟ್ಟಿದರೆ ಎಚ್ಚರಿಕೆಯ ಮಟ್ಟ, 45 ಅಡಿಗೆ ಅಪಾಯದ ಮಟ್ಟ. 2005ರ ಮಹಾಪೂರದಲ್ಲಿ ಅದು ಸುಮಾರು 54 ಅಡಿಗೆ ಏರಿತ್ತು. ಜನ ಮನೆಯ ಗೋಡೆಗಳಲ್ಲಿ ಆ ಗುರುತು ಹಾಕಿಟ್ಟು, ಇದಕ್ಕಿಂತ ಮೇಲೆ ಬರುವುದಿಲ್ಲ ಎಂದುಕೊಂಡರು. 2019ರಲ್ಲಿ ನೀರು 57 ಅಡಿ ದಾಟಿತು. ಹಳೆಯ ಗುರುತನ್ನು ನಂಬಿ ಮೇಲಿನ ಅಟ್ಟದಲ್ಲಿ ಸಾಮಾನಿಟ್ಟವರದೂ ಮುಳುಗಿತು. ಮಾರುತಿ ಚೌಕ, ಗಣಪತಿ ಪೇಠೆ, ಸೂರ್ಯವಂಶಿ ಪ್ಲಾಟ್, ವ್ಯಾಪಾರದ ಬೀದಿಗಳಲ್ಲೆಲ್ಲ ದೋಣಿಗಳು. ಆಗಸ್ಟ್ 8ರಂದು ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ದಾಟಿಸುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ಗಡಿಯ ಆಚೆ ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳಿಗೂ ಅದೇ ಗತಿ. ರಾಯಬಾಗ ಕಡೆ ಒಂದು ಮನೆಯ ಮಾಡಿನ ಮೇಲೆ ಮೊಸಳೆ ಬಂದು ಕುಳಿತಿತ್ತು. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ, ಮಹಾಬಳೇಶ್ವರದಲ್ಲಿ ಇಪ್ಪತ್ತನಾಲ್ಕು ಗಂಟೆಗೆ 594 ಮಿಲಿಮೀಟರ್ ಮಳೆ ಸುರಿದು ಆಯರ್ವಿನ್ ಮತ್ತೆ 55 ಅಡಿಯ ಹತ್ತಿರ ಹೋಯಿತು.

ಹರಿಪುರದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯ ಗಟ್ಟಿ ಮಣ್ಣಿನಲ್ಲಿ ನೆಲದೊಳಗೆ ಹಗೇವುಗಳನ್ನು ತೋಡಿ ಅರಿಸಿನ ತುಂಬಿಡುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಹುಳ ಮುಟ್ಟುತ್ತಿರಲಿಲ್ಲ, ಬಣ್ಣ ಇಳಿಯುತ್ತಿರಲಿಲ್ಲ. ಸಾಂಗಲಿ ಅರಿಸಿನದ ಪೇಟೆ ದೇಶಕ್ಕೇ ದೊಡ್ಡದಾಗಿ ಬೆಳೆದದ್ದರಲ್ಲಿ ಈ ಹಗೇವುಗಳ ಪಾಲೂ ಇದೆ. 2005ರಲ್ಲಿ ನೀರು ಅವುಗಳೊಳಗೆ ಇಳಿಯಿತು. ಹಾಳಾದ ಅರಿಸಿನದ ಜೊತೆ ಆ ನಂಬಿಕೆಯೂ ಹೋಯಿತು. ಮಾಲು ಗೋದಾಮುಗಳಿಗೆ ಸರಿಯಿತು. 2018ರಲ್ಲಿ ಸಾಂಗಲಿ ಅರಿಸಿನಕ್ಕೆ ಭೌಗೋಳಿಕ ಗುರುತು ಬಂದಾಗ ಅದನ್ನು ಕಾಪಾಡಿದ ಹಗೇವುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದಾಗಿದ್ದವು. ಒಂದು ಊರಿನ ಕಸುಬು ಹೀಗೆ ಕೈತಪ್ಪಿದ್ದನ್ನು ಯಾವ ಪಂಚನಾಮೆಯೂ ಬರೆದುಕೊಳ್ಳುವುದಿಲ್ಲ.

ಪ್ರತಿ ಪೂರದ ಬೆನ್ನಿಗೆ ಆಲಮಟ್ಟಿ ಅಣೆಕಟ್ಟಿನ ಜಗಳ ಬರುತ್ತದೆ. ಕರ್ನಾಟಕದವರು ನೀರು ತಡೆದರು ಎಂದು ಇತ್ತ, ಮಹಾರಾಷ್ಟ್ರದವರು ಒಮ್ಮೆಲೇ ಬಿಟ್ಟರು ಎಂದು ಅತ್ತ. 2019ರ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿಯ ಹಿನ್ನೀರನ್ನು ಈ ಪೂರದ ಕಾರಣವೆಂದು ಒಪ್ಪಲಿಲ್ಲ. ಜಗಳ ನಿಂತಿಲ್ಲ. ಅಣೆಕಟ್ಟುಗಳ ಬಾಗಿಲು ತೆರೆಯುವ ಹೊತ್ತನ್ನು ಎರಡೂ ಕಡೆಯವರು ಕೂಡಿ ಗೊತ್ತುಮಾಡಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಘಟ್ಟದ ಮೇಲೆ ಅಷ್ಟು ಮಳೆಯನ್ನು ಎಳೆದು ತಂದದ್ದು ಬಾಲಸೋರಿನ ಕಡಲು ಎಂಬ ಮಾತು ಈ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಆ ಮಾತು ಕಿವಿಗೆ ಬಿದ್ದಿದ್ದರೆ ಅದೇ ನಮಗೆ ಎರಡು ಮೂರು ದಿನ ಮುಂಚಿನ ಮುನ್ಸೂಚನೆಯಾಗುತ್ತಿತ್ತು.

ಹತ್ತಿರದ ಕಡಲೂ ಈಗ ಮೊದಲಿನಂತಿಲ್ಲ. ಅರಬ್ಬಿ ಸಮುದ್ರ ಬಂಗಾಳ ಕೊಲ್ಲಿಗಿಂತ ತಣ್ಣಗೆ, ಅಲ್ಲಿ ಚಂಡಮಾರುತ ಕಡಿಮೆ ಎಂದು ನಾವು ಶಾಲೆಯಲ್ಲಿ ಓದಿದ್ದೆವು. 2019ರಲ್ಲಿ ಆ ಒಂದೇ ಕಡಲಲ್ಲಿ ಐದು ಚಂಡಮಾರುತಗಳೆದ್ದವು; ಅಷ್ಟು ಎದ್ದದ್ದು ಹಿಂದೆ 1902ರಲ್ಲಿ. ಅವುಗಳಲ್ಲಿ ‘ಕ್ಯಾರ್’ ಮಹಾಚಂಡಮಾರುತವಾಗಿ ಬೆಳೆದದ್ದು ಸರಿಯಾಗಿ ದೀಪಾವಳಿಗೆ. ಅದು ಭಾರತದ ನೆಲವನ್ನು ಮುಟ್ಟಲೇ ಇಲ್ಲ, ಒಮಾನಿನ ಕಡೆ ಹೋಯಿತು. ಅದರ ಹಿಂದೆಯೇ ‘ಮಹಾ’ ಬಂತು. ಎರಡೂ ದೂರದಲ್ಲಿ ತಿರುಗುತ್ತಿದ್ದ ದಿನಗಳಲ್ಲಿ ಇಲ್ಲಿ ಸುರಿದ ಅಕಾಲದ ಮಳೆಗೆ ದ್ರಾಕ್ಷಿತೋಟಗಳು ಕೊಳೆತವು. 2020ರ ಜೂನ್ 3ರಂದು ‘ನಿಸರ್ಗ’ ಅಲಿಬಾಗದ ಬಳಿ ನೆಲ ಮುಟ್ಟಿತು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಮಂಗಳೂರು, ಉಡುಪಿಯ ದಂಡೆಯನ್ನು ಸವರಿಕೊಂಡು, ಕೊಂಕಣದ ಉದ್ದಕ್ಕೂ ಬಡಿದು, 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2001ರಿಂದ 2019ರವರೆಗಿನ ಲೆಕ್ಕ ತೆಗೆದು, ಅರಬ್ಬಿ ಸಮುದ್ರದ ಚಂಡಮಾರುತಗಳು ಅದಕ್ಕೂ ಹಿಂದಿನ ಎರಡು ದಶಕಗಳಿಗಿಂತ ಶೇಕಡಾ 52ರಷ್ಟು ಹೆಚ್ಚಿವೆ ಎಂದಿದ್ದಾರೆ. ಕಡಲು ಕಾಯುತ್ತಿದೆ, ಕಾದ ಗಾಳಿ ಹೆಚ್ಚು ಆವಿ ಹೊರುತ್ತದೆ. ಸಹ್ಯಾದ್ರಿಯ ಅಡ್ಡಗೋಡೆ ಗಾಳಿಯನ್ನು ತಡೆದೀತು. ನೀರನ್ನು ನಮ್ಮ ಹೊಳೆಗಳಿಗೇ ಇಳಿಸುತ್ತದೆ.

ಇಷ್ಟು ಹೇಳಿದರೆ ತುಫಾನು ಬರೀ ಕೇಡು ಎಂದಾಗುತ್ತದೆ. ಜತ್ತ ತಾಲ್ಲೂಕಿನ ಉಮದಿ, ಸಂಖ ಕಡೆಯ ಕನ್ನಡ ಹಳ್ಳಿಗಳವರು ಹಾಗೆ ಒಪ್ಪುವುದಿಲ್ಲ. ಆ ಕಡೆಯ ಹಿರಿಯರೊಬ್ಬರು ಮಿರಜ ಸ್ಟೇಷನ್ನಿನಲ್ಲಿ ನನ್ನನ್ನು ತಡೆದು ಕೇಳಿದ್ದುಂಟು: ‘ಏನ್ರೀ ಸರ, ನಮ್ಮ ಊರಾಗ ಕೆರಿಗೆ ನೀರಿಲ್ಲ, ನೀವು ರೇಡಿಯೋದಾಗ ಸಮುದ್ರದ ಮಾತ ಹೇಳ್ತೀರಂತ?’

‘ಕಾಕಾ, ನಿಮ್ಮ ಕೆರಿ ಯಾವಾಗ ತುಂಬತೈತ್ರಿ?’

‘ತುಂಬಿದ್ರ ಹಿಂಗಾರಿಗೇ. ಉತ್ತರಿ, ಹಸ್ತಿ, ಚಿತ್ತಿ ಬಿದ್ರ ತುಂಬ್ತದ. ಮಿರಗದ ಮಳಿ ನಮ್ಮ ತನಕಾ ಎಲ್ಲಿ ಬರ್ತದ್ರೀ.’

‘ಆ ಹಿಂಗಾರಿ ಮೋಡ ಮೂಡಲ ಸಮುದ್ರದಿಂದ ಬರೂವು ಕಾಕಾ.’

‘ಹಂಗಂದ್ರ ಬರ್ಲಿ ಬಿಡ್ರಿ, ಆದ್ರ ಮನಿ ಕೆಡವದಂಗ ಬರ್ಲಿ.’

ಅವರು ಹೇಳಿದ್ದರಲ್ಲಿ ಹವಾಮಾನ ಶಾಸ್ತ್ರದ ಒಂದು ಅಧ್ಯಾಯವೇ ಇದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮೀರಿ ಬೀಳುವ ಮಳೆ ಜತ್ತಕ್ಕೆ ಬರುವ ಹೊತ್ತಿಗೆ ಅದರ ಹತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ. ಮುಂಗಾರಿನ ಮೋಡ ಘಟ್ಟದಲ್ಲೇ ಖಾಲಿಯಾಗುತ್ತದೆ. ಜತ್ತ, ಅಥಣಿ, ಇಂಡಿಯ ಬಿಳಿಜೋಳ ನಿಂತಿರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮೂಡಣದಿಂದ ಬರುವ ಇದೇ ಹೆಸರಿಲ್ಲದ ಕುಸಿತಗಳ ಮೇಲೆ. ಅವು ಬಾರದ ವರ್ಷ ಬರ. ಆಗ ಮ್ಹೈಸಾಳದಿಂದ ಎತ್ತುವ ಕೃಷ್ಣೆಯ ನೀರೋ ಟ್ಯಾಂಕರೋ ಗತಿ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಕಳಿಸಿದ್ದನ್ನು ನೀವು ಮರೆತಿರಲಾರಿರಿ. ಮೊದಲ ಗಾಡಿಯಲ್ಲಿ ಹತ್ತು ವ್ಯಾಗನ್, ಐದು ಲಕ್ಷ ಲೀಟರ್. ಆ ನೀರು ಕೊಟ್ಟ ಕೃಷ್ಣೆಯೇ ಮೂರು ವರ್ಷಗಳ ನಂತರ ಸಾಂಗಲಿಯನ್ನು ಮುಳುಗಿಸಿದಳು.

ಹೊಡೆತ ಎಲ್ಲರಿಗೂ ಒಂದೇ ಬೀಳುವುದಿಲ್ಲ. ತೋಟದವನಿಗೆ ಬೆಳೆ ಹೋಗುತ್ತದೆ, ವಿಮೆಯೋ ಪಂಚನಾಮೆಯೋ ಅಷ್ಟಿಷ್ಟು ಕೈಗೆ ಬರುತ್ತದೆ. ಅವನ ತೋಟದಲ್ಲಿ ಕೂಲಿಗೆ ಚಾಟ್ನಿ ಮಾಡುವವಳಿಗೆ ಹೋದ ದಿನಗೂಲಿಯನ್ನು ಯಾರೂ ಕಟ್ಟಿಕೊಡುವುದಿಲ್ಲ. ಹಾಗೆಯೇ ಕಬ್ಬು ಕಡಿಯುವ ಜನ. ಬೀಡ ಜಿಲ್ಲೆಯಿಂದ, ವಿಜಯಪುರದ ಕಡೆಯಿಂದ ಗಂಡ ಹೆಂಡತಿ ಮಕ್ಕಳು ಎತ್ತುಗಳ ಸಮೇತ ಇಲ್ಲಿಯ ಕಾರಖಾನೆಗಳಿಗೆ ಬರುವುದು ಅಕ್ಟೋಬರ್, ನವೆಂಬರಿನಲ್ಲಿ, ಸರಿಯಾಗಿ ತುಫಾನಿನ ಕಾಲಕ್ಕೆ. ಇಳಿದುಕೊಳ್ಳುವುದು ಹೊಲದ ತಗ್ಗಿನಲ್ಲಿ, ಕಬ್ಬಿನ ಗರಿ ಮತ್ತು ತಾಡಪತ್ರಿಯ ಗುಡಿಸಲಿನಲ್ಲಿ. ಊರಿನ ಡಂಗುರ ಅಲ್ಲಿಗೆ ಕೇಳಿಸುವುದಿಲ್ಲ. ಮುಂಗಡ ಕೊಟ್ಟ ಮುಕಾದಮನ ಫೋನಿಗೆ ಮಾತ್ರ ಎಚ್ಚರಿಕೆಯ ಸಂದೇಶ ಬಂದಿರುತ್ತದೆ.

ಕಡಲತಡಿಯವರು ಪಾಠ ಕಲಿತಿದ್ದಾರೆ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಕಡಲೇ ಎದ್ದು ಊರುಗಳ ಮೇಲೆ ಬಂದು ಹತ್ತು ಸಾವಿರದಷ್ಟು ಜನ ಸತ್ತರು. 1999ರಲ್ಲಿ ಒಡಿಶಾದಲ್ಲಿ ಮತ್ತೆ ಅಷ್ಟೇ ಸಾವು. ಆಮೇಲೆ ಅವರು ಆಶ್ರಯ ಮನೆಗಳನ್ನು ಕಟ್ಟಿದರು, ಊರೂರಿಗೆ ಸ್ವಯಂಸೇವಕರನ್ನು ತಯಾರು ಮಾಡಿದರು. 2013ರ ಅಕ್ಟೋಬರ್ 12ರಂದು ‘ಫೈಲಿನ್’ ಗೋಪಾಲಪುರದ ಬಳಿ ಅಪ್ಪಳಿಸುವ ಮೊದಲೇ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಿದ್ದರು. ಸಾವಿನ ಲೆಕ್ಕ ಕೆಲವು ಹತ್ತುಗಳಲ್ಲಿ ನಿಂತಿತು. ಒಳನಾಡಿನಲ್ಲಿ ನಾವು ಇನ್ನೂ ಬರದ ಸಿದ್ಧತೆಯನ್ನೇ ಮಾಡುತ್ತ ಕುಳಿತಿದ್ದೇವೆ. ಮಳೆ ಬಂದರೆ ದೇವರು ಕೊಟ್ಟ ಎನ್ನುತ್ತೇವೆ, ಹೆಚ್ಚಾದರೆ ಆಲಮಟ್ಟಿ ಎನ್ನುತ್ತೇವೆ.

ಆದ್ದರಿಂದ ಕೇಳುಗರಲ್ಲಿ ಕೆಲವು ಬಿನ್ನಹ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದಾಗ ಅದು ಒಡಿಶಾದವರ ಪಾಲಿನದು, ಆಂಧ್ರದವರ ಪಾಲಿನದು ಎಂದು ರೇಡಿಯೋ ಬಂದ್ ಮಾಡಬೇಡಿ. ಜುಲೈ, ಆಗಸ್ಟಿನಲ್ಲಾದರೆ ಅದರ ಅರ್ಥ ಘಟ್ಟದ ಮೇಲೆ ಮಳೆ. ಕೊಯ್ನೆಯಿಂದ ಬಿಟ್ಟ ನೀರು ಸಾಂಗಲಿಗೆ ಬರಲು ಒಂದು ದಿನದ ಆಸುಪಾಸು ಬೇಕು, ಆ ಒಂದು ದಿನ ನಿಮ್ಮದು. ಹಳೆಯ ಪೂರದ ಗುರುತನ್ನು ನಂಬಿ ಕೂರಬೇಡಿ, ಅದಕ್ಕಿಂತ ನಾಲ್ಕು ಅಡಿ ಮೇಲೆ ಯೋಚಿಸಿ. ಅಕ್ಟೋಬರಿನಲ್ಲಾದರೆ ಗಾಳಿಯ ವೇಗ ಎಷ್ಟೆಂದು ಕೇಳುವ ಬದಲು ಎಷ್ಟು ಮಿಲಿಮೀಟರ್ ಮಳೆ, ಯಾವ ದಿಕ್ಕಿಗೆ ನಡೆ ಎಂದು ಕೇಳಿ. ಕಾಕಿನಾಡದಿಂದ ಇಲ್ಲಿಗೆ ಬರುವಷ್ಟರಲ್ಲಿ ಕೊಯ್ದ ಸೋಯಾಬೀನನ್ನು ಒಳಗೆ ಹಾಕಬಹುದು, ಬಳ್ಳಿಗೆ ಬೋರ್ಡೊ ದ್ರಾವಣ ಹೊಡೆಯಬಹುದು, ಮುಗಿಯದ ಚಾಟ್ನಿಯನ್ನು ನಾಲ್ಕು ದಿನ ಮುಂದೂಡಬಹುದು. ಪಂಚಾಯಿತಿಯವರು ಜತ್ತದ ಹಳ್ಳಿಗಳಲ್ಲಿ ಈ ಸೂಚನೆಗಳನ್ನು ಮರಾಠಿಯ ಜೊತೆ ಕನ್ನಡದಲ್ಲೂ ಮೈಕಿನಲ್ಲಿ ಹೇಳಿಸಲಿ. ಕಬ್ಬು ಕಡಿಯುವವರ ಟೋಳಿ ಇಳಿದ ಜಾಗಕ್ಕೆ ಒಬ್ಬ ಮನುಷ್ಯನನ್ನು ಕಳಿಸಿ. ಮಣ್ಣಿನ ಮಾಳಿಗೆಯಲ್ಲಿ ಮಲಗುವವರು, ಎರಡನೆಯ ದಿನವೂ ಮಳೆ ಬಿಡದಿದ್ದರೆ, ಆ ರಾತ್ರಿ ಶಾಲೆಯ ಕಟ್ಟಡದಲ್ಲೋ ಗುಡಿಯಲ್ಲೋ ಮಲಗಲಿ; ಮುದುಕರನ್ನೂ ಮಕ್ಕಳನ್ನೂ ಮೊದಲು ಕರೆದೊಯ್ಯಿರಿ.